ರೋಡ್ ಬೈಕ್‌ಗೆ ಏರೋ ಗಾಲಿ: 50 ಮಿ.ಮೀ. ರಿಮ್ ತೆಗೆದುಕೊಳ್ಳಲೇ, 35 ಸಾಕೇ?

ದೂರದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ಒಂದೇ ರೋಡ್ ಬೈಕ್ ಓಡಿಸುತ್ತಿದ್ದೇನೆ. ಅದರ ಜೊತೆಗೆ ಬಂದ ಅಲ್ಯೂಮಿನಿಯಂ ಗಾಲಿಗಳೇ ಇಂದಿಗೂ ಅದರಲ್ಲಿವೆ. ರಿಮ್‌ನ ಆಳ (ಟೈರ್ ಕೂರುವ ಅಂಚಿನಿಂದ ಸ್ಪೋಕ್‌ಗಳ ಕಡೆಯ ಅಂಚಿನವರೆಗಿನ ಎತ್ತರ) 24 ಮಿ.ಮೀ., ಸ್ಪೋಕ್‌ಗಳು ಮುಂದೆ 28, ಹಿಂದೆ 28, ಎಲ್ಲವೂ ದುಂಡು ಕಡ್ಡಿಗಳು. ಕಳೆದ ವಾರ ಗಾಲಿ ತೊಳೆಯುವಾಗ ಹಿಂದಿನ ರಿಮ್‌ನಲ್ಲಿ ಎರಡು ಸ್ಪೋಕ್ ರಂಧ್ರಗಳ ಸುತ್ತ ಕೂದಲೆಳೆಯಂಥ ಬಿರುಕು ಕಾಣಿಸಿತು. ಹೇಗೂ ಗಾಲಿ ಬದಲಾಯಿಸಲೇಬೇಕು ಎಂದಾದ ಮೇಲೆ ಏರೋ ಗಾಲಿಯನ್ನೇ, ಅಂದರೆ ಗಾಳಿಯ ತಡೆ ತಗ್ಗಿಸುವ ಆಳವಾದ ರಿಮ್‌ನ ಗಾಲಿಯನ್ನೇ, ಹಾಕಿಸಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ.

ನನ್ನ ತೂಕ 58 ಕೆ.ಜಿ.; ಬೈಕು, ನೀರಿನ ಬಾಟಲಿ, ಬಟ್ಟೆ, ಹೆಲ್ಮೆಟ್ ಎಲ್ಲ ಸೇರಿದರೆ ಒಟ್ಟು 70 ಕೆ.ಜಿ. ಆಗುತ್ತದೆ. ಹೆಚ್ಚಿನ ಸವಾರಿಯನ್ನು ಒಬ್ಬನೇ ಮಾಡುತ್ತೇನೆ. ಸಮತಟ್ಟಾದ ದಾರಿಯಲ್ಲಿ ಗಂಟೆಗೆ 30 ಕಿ.ಮೀ. ವೇಗವನ್ನು ಒಂದೂವರೆ ಗಂಟೆಯವರೆಗೆ ಕಾಯ್ದುಕೊಳ್ಳಬಲ್ಲೆ, ವಾರಕ್ಕೊಮ್ಮೆ ಉದ್ದನೆಯ ಏರೊಂದನ್ನು ಹತ್ತಿ ಇಳಿಯುತ್ತೇನೆ. ದಾರಿಯ ಒಂದು ಭಾಗ ಪೂರ್ತಿ ಬಯಲು. ಅಲ್ಲಿ ಗಾಳಿ ಜೋರಾಗಿರುವುದಷ್ಟೇ ಅಲ್ಲ, ಒಂದೇ ಸಮನೆ ಬೀಸದೆ ಬಿಟ್ಟುಬಿಟ್ಟು ಬೀಸುತ್ತದೆ. ಬೈಕಿನಲ್ಲಿ ಡಿಸ್ಕ್ ಬ್ರೇಕ್ ಇದೆ, ಥ್ರೂ ಆಕ್ಸಲ್ (ಗಾಲಿಯ ನಡುವೆ ತೂರಿಸಿ ಬಿಗಿಯುವ ದಪ್ಪ ಅಚ್ಚು) ಇದೆ, ಈಗ 28ರ (28 ಮಿ.ಮೀ. ಅಗಲದ) ಟೈರ್ ಹಾಕಿದ್ದೇನೆ.

ನನ್ನನ್ನು ಕಾಡುತ್ತಿರುವ ಸಂಗತಿಗಳು ಮೂರು. ರೇಸಿನವರ ವೇಗ ಇಲ್ಲದ ನನ್ನಂಥವರಿಗೆ ಆಳವಾದ ರಿಮ್‌ನಿಂದ ನಿಜವಾಗಿ ಏನಾದರೂ ಸಿಗುತ್ತದೆಯೇ? ಸಿಗುವುದಾದರೆ 35, 50, 60 ಇವುಗಳಲ್ಲಿ ಯಾವುದು? ನನ್ನ ತೂಕ ಕಡಿಮೆ ಇರುವುದರಿಂದ ಅಡ್ಡಗಾಳಿಗೆ ಬೈಕು ಎಳೆದಾಡಿಸುತ್ತದೆಯೇ? ಜಾಹೀರಾತಿನಲ್ಲಿ ಎಲ್ಲರೂ ವ್ಯಾಟ್‌ಗಳ ಉಳಿತಾಯವನ್ನೇ ಹೇಳುತ್ತಾರೆ. ಆ ಅಂಕಿಗಳನ್ನು ನನ್ನ ಸವಾರಿಗೆ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದು ತಿಳಿಯುತ್ತಿಲ್ಲ.

ಲೆಕ್ಕದ ಹಾಳೆ

ದೂರದಾರಿ ಅವರೇ, ತೂಕ, ವೇಗ ಎರಡನ್ನೂ ಬರೆದು ಒಳ್ಳೆಯದು ಮಾಡಿದಿರಿ. ಅವಿಲ್ಲದೆ ಈ ಪ್ರಶ್ನೆಗೆ ಯಾರು ಉತ್ತರಿಸಿದರೂ ಅದು ಅಂದಾಜಿನ ಮಾತಾಗುತ್ತಿತ್ತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಾಳಿಗೆ ನೀವು ಒಡ್ಡುವ ಪರಿಣಾಮಕಾರಿ ವಿಸ್ತೀರ್ಣವನ್ನು 0.30 ಚದರ ಮೀಟರ್ ಎಂದು ಇಟ್ಟುಕೊಂಡರೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಳಿಯನ್ನು ಸೀಳಲು ಸುಮಾರು 104 ವ್ಯಾಟ್, ಟೈರ್ ಉರುಳಲು ಸುಮಾರು 29 ವ್ಯಾಟ್ ಬೇಕು. ಅಂದರೆ ನಿಮ್ಮ ಶ್ರಮದ ಮುಕ್ಕಾಲು ಪಾಲಿಗಿಂತ ಹೆಚ್ಚು ಗಾಳಿಗೇ ಹೋಗುತ್ತಿದೆ. ಆದ್ದರಿಂದ 30ರ ವೇಗಕ್ಕೆ ಏರೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ ಎನ್ನುವ ಮಾತು ಸರಿಯಲ್ಲ.

ಇನ್ನು ಜಾಹೀರಾತಿನ ವ್ಯಾಟ್‌ಗಳು. ಗಾಳಿ ಸುರಂಗದ ಪರೀಕ್ಷೆಗಳು ಸಾಮಾನ್ಯವಾಗಿ ಗಂಟೆಗೆ 45 ಅಥವಾ 50 ಕಿ.ಮೀ. ವೇಗದಲ್ಲಿ ನಡೆಯುತ್ತವೆ. 45ರಲ್ಲಿ 10 ವ್ಯಾಟ್ ಉಳಿಸುವ ಗಾಲಿ, ಘನದ ನಿಯಮದಂತೆ, 30ರಲ್ಲಿ ಉಳಿಸುವುದು 3 ವ್ಯಾಟ್ ಮಾತ್ರ. ಈ ಒಂದು ಪರಿವರ್ತನೆಯನ್ನು ಮಾಡಿಕೊಳ್ಳದೆ ಯಾವ ಅಂಕಿಯನ್ನೂ ಓದಬೇಡಿ. ಯಾವ ವೇಗದಲ್ಲಿ, ಯಾವ ಹಳೆಯ ಗಾಲಿಗೆ ಹೋಲಿಸಿ, ಯಾವ ಟೈರ್ ಹಾಕಿ ಅಳೆದದ್ದು ಎಂಬ ಮೂರೂ ಇಲ್ಲದ ಅಂಕಿಯಾದರೆ ಅದನ್ನು ಬದಿಗಿಡುವುದೇ ವಾಸಿ.

ಮೂರು ವ್ಯಾಟ್ ಎಂದ ಕೂಡಲೇ ನಿರಾಸೆಪಡಬೇಕಾಗಿಲ್ಲ. ನಿಮ್ಮ ಅಂಕಿಗಳನ್ನೇ ಹಾಕಿ ನೋಡಿದರೆ, 40 ಕಿ.ಮೀ. ದೂರಕ್ಕೆ ಆ ಮೂರು ವ್ಯಾಟ್‌ನಿಂದ ಸುಮಾರು 42 ಸೆಕೆಂಡ್ ಉಳಿಯುತ್ತದೆ. ಅದೇ ಗಾಲಿ ಹಾಕಿಕೊಂಡು 45ರ ವೇಗದಲ್ಲಿ ಹೋಗುವವರಿಗೆ ಅದೇ ದೂರದಲ್ಲಿ ಉಳಿಯುವುದು 29 ಸೆಕೆಂಡ್. ವ್ಯಾಟ್ ಕಡಿಮೆಯಾದರೂ ನಿಧಾನವಾಗಿ ಹೋಗುವವರು ದಾರಿಯಲ್ಲಿ ಹೆಚ್ಚು ಹೊತ್ತು ಇರುತ್ತಾರೆ, ಹಾಗಾಗಿ ಗಡಿಯಾರದ ಲೆಕ್ಕದಲ್ಲಿ ಅವರಿಗೇ ಲಾಭ ಹೆಚ್ಚು. ಏರೋ ಗಾಲಿ ವೇಗಿಗಳ ಸೊತ್ತು ಎಂದು ನಂಬಿದವರಿಗೆಲ್ಲ ನಾನು ಈ ಲೆಕ್ಕವನ್ನು ಹಾಕಿ ತೋರಿಸುತ್ತೇನೆ.

ಆದರೆ ಇದೇ ಹಾಳೆಯಲ್ಲಿ ಇನ್ನೆರಡು ಸಾಲುಗಳಿವೆ. ಟೈರ್‌ನ ಉರುಳು ತಡೆಯ ಗುಣಾಂಕ 0.005 ಇರುವ ಸಾಧಾರಣ ಟೈರ್ ಬಿಟ್ಟು 0.0035 ಇರುವ ಒಳ್ಳೆಯ ಟೈರ್ ಹಾಕಿದರೆ ನಿಮ್ಮ ತೂಕಕ್ಕೆ, ನಿಮ್ಮ ವೇಗಕ್ಕೆ ಎಂಟೂವರೆ ವ್ಯಾಟ್ ಉಳಿಯುತ್ತದೆ. ಮೊಣಕೈ ಮಡಿಸಿ, ತಲೆ ತಗ್ಗಿಸಿ ಕುಳಿತು 0.30 ಅನ್ನು 0.28ಕ್ಕೆ ಇಳಿಸಿದರೆ ಸುಮಾರು ಏಳು ವ್ಯಾಟ್ ಉಳಿಯುತ್ತದೆ. ಎರಡೂ ಗಾಲಿಗಿಂತ ದೊಡ್ಡವು. ನನ್ನ ಅಭಿಪ್ರಾಯದಲ್ಲಿ ಮೊದಲು ಟೈರ್ ಯಾವುದು ಎಂದು ನಿಶ್ಚಯಿಸಿ, ಆ ಟೈರಿಗೆ ಒಪ್ಪುವ ಗಾಲಿಯನ್ನು ಆಮೇಲೆ ಹುಡುಕಬೇಕು. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ.

ಆಳದ ವಿಷಯಕ್ಕೆ ಬಂದರೆ, 24ರಿಂದ 40ರ ಆಸುಪಾಸಿಗೆ ಹೋದಾಗ ಸಿಗುವ ಲಾಭ ದೊಡ್ಡದು, 40ರಿಂದ 60ಕ್ಕೆ ಹೋದಾಗ ಸಿಗುವುದು ಸಣ್ಣದು. ನಿಮ್ಮ ವೇಗಕ್ಕೆ 35 ಮತ್ತು 50ರ ನಡುವಿನ ಅಂತರ ಒಂದು ವ್ಯಾಟಿನ ಆಚೀಚೆ ಇರುತ್ತದೆ ಎಂದು ಇಟ್ಟುಕೊಂಡು ಉಳಿದ ಅಂಶಗಳನ್ನು ತೂಗಿ ನೋಡಿ.

ಅಡ್ಡಗಾಳಿ

ಲೆಕ್ಕದ ಹಾಳೆ ಅವರ ಮೇಲಿನ ಲೆಕ್ಕ ಗಾಳಿ ನೇರ ಎದುರಿನಿಂದ ಬಡಿಯುವಾಗ ಸರಿಯಾಗಿದೆ. ಬಯಲಿನಲ್ಲಿ ಬಿಟ್ಟುಬಿಟ್ಟು ಬೀಸುವ ಗಾಳಿಯ ವಿಷಯವನ್ನು ಬೇರೆಯಾಗಿಯೇ ನೋಡಬೇಕು, ಏಕೆಂದರೆ ದೂರದಾರಿ ಅವರ ಪ್ರಶ್ನೆಯ ತಿರುಳು ಅಲ್ಲೇ ಇದೆ.

ನೀವು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದು, ಲಂಬವಾಗಿ ಪಕ್ಕದಿಂದ ಗಂಟೆಗೆ 5 ಕಿ.ಮೀ. ಗಾಳಿ ಬೀಸಿದರೆ ಗಾಲಿಗೆ ಗಾಳಿ ಬಡಿಯುವ ಓರೆ ಕೋನ ಒಂಬತ್ತೂವರೆ ಡಿಗ್ರಿ, 10 ಕಿ.ಮೀ. ಬೀಸಿದರೆ 18 ಡಿಗ್ರಿ ದಾಟುತ್ತದೆ. ಹವಾಮಾನ ವರದಿಯಲ್ಲಿ ಹೇಳುವ ಗಾಳಿಯ ವೇಗವನ್ನು ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ, ಗಾಲಿಯ ಮಟ್ಟದಲ್ಲಿ ಅದು ಸಾಕಷ್ಟು ತಗ್ಗಿರುತ್ತದೆ, ಆದ್ದರಿಂದ ದೊಡ್ಡ ಕೋನಗಳು ಅಪರೂಪ. ಆದರೂ ಗಮನಿಸಬೇಕಾದ ಒಂದು ಸಂಗತಿಯಿದೆ: ಗಾಳಿ ಅಷ್ಟೇ ಇದ್ದು ಸವಾರನ ವೇಗ ಕಡಿಮೆಯಾದಷ್ಟೂ ಓರೆ ಕೋನ ಹೆಚ್ಚುತ್ತದೆ. 45ರಲ್ಲಿ ಹೋಗುವವನಿಗಿಂತ 30ರಲ್ಲಿ ಹೋಗುವ ನೀವು ಅಡ್ಡಗಾಳಿಯನ್ನು ಹೆಚ್ಚು ಕೋನದಲ್ಲಿ ಎದುರಿಸುತ್ತೀರಿ.

ಸಣ್ಣ ಕೋನಗಳಲ್ಲಿ ಆಳವಾದ ರಿಮ್ ಹಡಗಿನ ಪಟದಂತೆ ಕೆಲಸ ಮಾಡುತ್ತದೆ; ಗಾಳಿ ರಿಮ್‌ನ ಮೈಗೆ ಅಂಟಿಕೊಂಡು ಹರಿದು ತಡೆ ಇಳಿಯುತ್ತದೆ. ಕೋನ ಒಂದು ಮಿತಿಯನ್ನು ದಾಟಿದ ಕೂಡಲೇ ಗಾಳಿ ಆ ಮೈಯಿಂದ ಕಳಚಿಕೊಳ್ಳುತ್ತದೆ, ತಡೆ ಏರುತ್ತದೆ, ಹ್ಯಾಂಡಲ್‌ನ ಮೇಲೆ ಬೀಳುವ ಒತ್ತಡವೂ ಥಟ್ಟನೆ ಬದಲಾಗುತ್ತದೆ. ಆ ಥಟ್ಟನೆಯ ಬದಲಾವಣೆಯೇ ಸವಾರನನ್ನು ಕಂಗೆಡಿಸುವುದು. ಒಂದೇ ಸಮನೆ ಬೀಸುವ ಗಾಳಿ ಎಷ್ಟೇ ಜೋರಿರಲಿ, ಅದರ ಕಡೆಗೆ ಸ್ವಲ್ಪ ವಾಲಿಕೊಂಡು ಹೋಗಬಹುದು.

ಇದನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ. ಮುಂದೆ 60 ಮಿ.ಮೀ. ರಿಮ್ ಹಾಕಿಕೊಂಡು ಒಂದು ಇಳಿಜಾರು ಇಳಿಯುತ್ತಿದ್ದೆ. ರಸ್ತೆಯ ಎಡಕ್ಕೆ ಗುಡ್ಡ ಕಡಿದ ಎತ್ತರದ ಗೋಡೆ ಇತ್ತು, ಗಾಳಿಯ ಸುಳಿವೇ ಇರಲಿಲ್ಲ. ಗೋಡೆ ಮುಗಿದು ಸೇತುವೆ ಶುರುವಾಗುವ ಜಾಗದಲ್ಲಿ ಎಡದಿಂದ ಬಂದ ಗಾಳಿ ಮುಂದಿನ ಗಾಲಿಯನ್ನು ಬಲಕ್ಕೆ ತಳ್ಳಿತು. ಹ್ಯಾಂಡಲ್ ತಿರುಗಿದ್ದು ಎರಡು ಬೆರಳಿನಷ್ಟು. ಆದರೆ ಆ ವೇಗದಲ್ಲಿ ಅಷ್ಟು ತಿರುಗಿದ್ದಕ್ಕೇ ನಾನು ರಸ್ತೆಯ ನಡುವಿನ ಬಿಳಿ ಗೆರೆ ದಾಟಿ ಆಚೆ ಹೋಗಿದ್ದೆ. ಎದುರಿನಿಂದ ವಾಹನ ಇರಲಿಲ್ಲ. ಭಯದಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡದ್ದರಿಂದ ಮುಂಭಾಗ ನಡುಗಲು ಆರಂಭಿಸಿತು, ಮೊಣಕಾಲಿನಿಂದ ಫ್ರೇಮ್‌ನ ಮೇಲಿನ ಕೊಳವೆಯನ್ನು ಒತ್ತಿ ಹಿಡಿದು ಕೈ ಸಡಿಲಿಸಿದ ಮೇಲಷ್ಟೇ ಅದು ನಿಂತಿತು. ಆ ದಿನದ ನಂತರ ನಾನು ಮುಂದಿನ ಗಾಲಿಯ ಆಳವನ್ನು ಆರಿಸುವುದು ಸಮತಟ್ಟಾದ ದಾರಿಗಾಗಿ ಅಲ್ಲ, ನಾನು ಇಳಿಯುವ ಅತ್ಯಂತ ಕೆಟ್ಟ ಇಳಿಜಾರಿಗಾಗಿ.

ರಿಮ್‌ನ ಆಳ ಒಂದೇ ಇದ್ದರೂ ಅದರ ಆಕಾರದಿಂದ ಬಹಳ ವ್ಯತ್ಯಾಸವಾಗುತ್ತದೆ. ಹಳೆಯ ಕಾಲದ ರಿಮ್‌ಗಳು ಸ್ಪೋಕ್‌ಗಳ ಕಡೆಗೆ ಚೂಪಾಗುತ್ತ ಹೋಗುವ ವಿ ಆಕಾರದವು. ಗಾಲಿಯ ಮುಂದಿನ ಅರ್ಧದಲ್ಲಿ ಟೈರ್ ಮೊದಲು ಗಾಳಿಗೆ ಸಿಗುತ್ತದೆ, ಹಿಂದಿನ ಅರ್ಧದಲ್ಲಿ ರಿಮ್‌ನ ಒಳ ಅಂಚು, ಅಂದರೆ ಸ್ಪೋಕ್‌ಗಳ ಕಡೆಯ ಅಂಚು, ಮೊದಲು ಸಿಗುತ್ತದೆ. ಆ ಅಂಚು ಚೂಪಾಗಿದ್ದರೆ ಓರೆ ಗಾಳಿ ಬೇಗ ಕಳಚಿಕೊಳ್ಳುತ್ತದೆ. ಈಗಿನ ಒಳ್ಳೆಯ ರಿಮ್‌ಗಳಲ್ಲಿ ಆ ಅಂಚನ್ನು ದುಂಡಗೆ, ಯು ಆಕಾರದಲ್ಲಿ ಮಾಡಿರುವುದಕ್ಕೆ ಕಾರಣ ಇದೇ. ಆದ್ದರಿಂದ ಹಳೆಯ ವಿ ಆಕಾರದ 50ಕ್ಕಿಂತ ಈಗಿನ ಯು ಆಕಾರದ 50 ಕೈಗೆ ಹೆಚ್ಚು ಶಾಂತವಾಗಿ ಸಿಗುತ್ತದೆ.

ಹಿಂದಿನ ಗಾಲಿಗೆ ಹ್ಯಾಂಡಲ್‌ನ ನಂಟಿಲ್ಲ, ಅದರ ಮೇಲೆ ಬಿದ್ದ ಅಡ್ಡಗಾಳಿ ಬೈಕನ್ನು ತಳ್ಳುತ್ತದೆಯೇ ಹೊರತು ತಿರುಗಿಸುವುದಿಲ್ಲ. ಹಾಗಾಗಿ ಹಿಂದೆ 50 ಇಟ್ಟುಕೊಂಡು ಮುಂದೆ 35 ಅಥವಾ 40ಕ್ಕೆ ನಿಲ್ಲುವುದು 58 ಕೆ.ಜಿ. ತೂಕದವರಿಗೆ ನಾನು ಮನಸಾರೆ ಸೂಚಿಸುವ ಹಾದಿ. ಒಂದು ಮಾತು ನಿಜ, ಮುಂದಿನ ಗಾಲಿಗೆ ಕದಡದ ಗಾಳಿ ಸಿಗುವುದರಿಂದ ಏರೋ ಲಾಭವೂ ಮುಂದಿನದರಲ್ಲೇ ಹೆಚ್ಚು. ಅದನ್ನು ಸ್ವಲ್ಪ ಬಿಟ್ಟುಕೊಟ್ಟು ಹಿಡಿತವನ್ನು ಉಳಿಸಿಕೊಳ್ಳುತ್ತಿದ್ದೇವೆ. ಗಾಳಿಗೆ ಹೆದರಿ ಹ್ಯಾಂಡಲ್‌ನ ಮೇಲ್ಭಾಗ ಹಿಡಿದು ನೆಟ್ಟಗೆ ಕುಳಿತುಬಿಟ್ಟರೆ ಆಳದ ರಿಮ್ ಉಳಿಸಿದ್ದನ್ನೆಲ್ಲ ನಿಮ್ಮ ಎದೆಯೇ ಕಳೆದುಬಿಡುತ್ತದೆ.

ಗಾಲಿ ಕಟ್ಟುವವ

ನಾನು ಗಾಲಿ ಕಟ್ಟುವ ಕೆಲಸದಲ್ಲಿರುವವನು. ಬರುವವರೆಲ್ಲ ಆಳವನ್ನೇ ಕೇಳುತ್ತಾರೆ, ಅಗಲವನ್ನು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅಗಲವೇ ಮೊದಲ ಪ್ರಶ್ನೆ.

ಟೈರ್ ಮತ್ತು ರಿಮ್ ಎರಡೂ ಸೇರಿ ಒಂದೇ ಆಕಾರವಾಗಿ ಗಾಳಿಗೆ ಸಿಗುತ್ತವೆ. ಟೈರ್ ರಿಮ್‌ಗಿಂತ ಅಗಲವಾಗಿ ಉಬ್ಬಿಕೊಂಡಿದ್ದರೆ ಅದನ್ನು ದಾಟಿದ ಗಾಳಿ ರಿಮ್‌ನ ಮೈಗೆ ಮತ್ತೆ ಅಂಟುವುದಿಲ್ಲ, ಆಗ ರಿಮ್ 50 ಇದ್ದರೂ 60 ಇದ್ದರೂ ಅದರ ಆಳ ವ್ಯರ್ಥ. ಗಾಲಿ ತಯಾರಿಸುವ ಜಿಪ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಜಾಶ್ ಪೋರ್ಟ್ನರ್ ಅವರ ಹೆಸರಿನೊಂದಿಗೆ ಪ್ರಚಾರಕ್ಕೆ ಬಂದ '105ರ ನಿಯಮ' ಇದನ್ನೇ ಹೇಳುತ್ತದೆ: ರಿಮ್‌ನ ಹೊರ ಅಗಲ ಟೈರ್‌ನ ಅಗಲದ ಕನಿಷ್ಠ ಶೇಕಡಾ 105ರಷ್ಟಿರಬೇಕು. ಇಲ್ಲಿ ಟೈರ್‌ನ ಅಗಲ ಎಂದರೆ ಅದರ ಪಕ್ಕದಲ್ಲಿ ಅಚ್ಚಾದ ಅಂಕಿಯಲ್ಲ, ಗಾಳಿ ತುಂಬಿಸಿದ ಮೇಲೆ ಅಳೆದ ಅಗಲ. ಮೊನ್ನೆ ನನ್ನ ಮೇಜಿನ ಮೇಲೆ 28 ಎಂದು ಅಚ್ಚಾದ ಒಂದು ಟೈರ್ ಇತ್ತು. ಒಳ ಅಗಲ 23 ಇದ್ದ ರಿಮ್‌ಗೆ ಹಾಕಿ ಗಾಳಿ ತುಂಬಿಸಿ, ಮರುದಿನ ಕ್ಯಾಲಿಪರ್ ಹಿಡಿದು ನೋಡಿದರೆ 30.2 ಮಿ.ಮೀ. ಬಂತು. ಅದಕ್ಕೆ 105ರ ನಿಯಮ ಹಚ್ಚಿದರೆ ರಿಮ್‌ನ ಹೊರ ಅಗಲ 31.7 ಇರಬೇಕಾಗುತ್ತದೆ, ಆ ರಿಮ್‌ನದು ಇದ್ದದ್ದು 28. ಹೊರ ಅಗಲ 28 ಇರುವ ಆ ರಿಮ್ಮೇ ಬೇಕು ಎಂದಾದರೆ ಮುಂದೆ 25ರ ಟೈರ್ ಹಾಕಬೇಕು, 28ರ ಟೈರ್ ಬಿಡಲಾಗದು ಎಂದಾದರೆ ಅಗಲವಾದ ರಿಮ್ ಹುಡುಕಬೇಕು. ಒರಟು ರಸ್ತೆಯಲ್ಲಿ 28ರ ಟೈರ್ ಕೊಡುವ ಆರಾಮವನ್ನು ಬಿಟ್ಟುಕೊಡಿ ಎಂದು ನಾನು ಹೇಳಲಾರೆ. ಅಗಲ ರಿಮ್ ಹುಡುಕಿ ಎನ್ನುತ್ತೇನೆ.

ಅಗಲ ಟೈರ್ ಹಾಕುವ ಮುನ್ನ ಫೋರ್ಕ್‌ನಲ್ಲಿಯೂ ಹಿಂದಿನ ಕವಲುಗಳ ನಡುವೆಯೂ ಜಾಗ ಇದೆಯೇ ಎಂದು ನೋಡಿಕೊಳ್ಳಿ. ಎರಡೂ ಬದಿಗೆ 4 ಮಿ.ಮೀ. ಉಳಿಯಬೇಕು.

ಮುಂದಿನದು ಹುಕ್ ಇಲ್ಲದ ರಿಮ್‌ಗಳ ವಿಷಯ. ಟೈರ್‌ನ ಅಂಚನ್ನು ಹಿಡಿದುಕೊಳ್ಳಲು ರಿಮ್‌ನ ಗೋಡೆಯಲ್ಲಿ ಒಳಮುಖವಾಗಿ ಬಾಗಿದ ಕೊಕ್ಕೆಯಂಥ ಅಂಚು ಇರುವವು ಒಂದು ಬಗೆ, ನೇರ ಗೋಡೆಯವು ಇನ್ನೊಂದು ಬಗೆ. ನೇರ ಗೋಡೆಯವನ್ನು ತಯಾರಿಸುವುದು ಸುಲಭ, ಆದರೆ ಅವುಗಳಲ್ಲಿ ಗಾಳಿಯ ಒತ್ತಡ 5 ಬಾರ್ ಮೀರುವಂತಿಲ್ಲ, ಅವುಗಳಿಗೆ ಒಪ್ಪುವ ಟ್ಯೂಬ್‌ಲೆಸ್ ಟೈರ್ ಅನ್ನೇ ಹಾಕಬೇಕು, ಒಳ ಅಗಲಕ್ಕೆ ತಕ್ಕ ಕನಿಷ್ಠ ಟೈರ್ ಅಗಲವನ್ನೂ ಪಾಲಿಸಬೇಕು. ಒಳ ಅಗಲ 25 ಇರುವ ಅಂಥ ರಿಮ್‌ಗೆ ಈಗಿನ ಮಾನದಂಡದ ಪ್ರಕಾರ 29ಕ್ಕಿಂತ ಕಿರಿದಾದ ಟೈರ್ ಸಲ್ಲದು. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರೇಸ್‌ನಲ್ಲಿ ವೃತ್ತಿಪರ ಸವಾರ ಥಾಮಸ್ ಡಿ ಗೆಂಟ್ ಬಿದ್ದಾಗ ಅವರ ಟೈರ್ ರಿಮ್‌ನಿಂದ ಪೂರ್ತಿ ಕಳಚಿ ಹೊರಬಂದಿತ್ತು. ಆ ಬಳಿಕ ವೃತ್ತಿಪರ ಸವಾರರ ಸಂಘವೇ ಹುಕ್ ಇಲ್ಲದ ರಿಮ್‌ಗಳ ವಿರುದ್ಧ ದನಿ ಎತ್ತಿತು. 58 ಕೆ.ಜಿ. ತೂಕಕ್ಕೆ ನಿಮಗೆ 5 ಬಾರ್‌ನ ಅಗತ್ಯವೇ ಬೀಳದು, ನಾಲ್ಕೂವರೆಯ ಒಳಗೇ ಸಾಕಾಗುತ್ತದೆ. ಆದರೂ ಟೈರ್ ಆಯ್ಕೆಯಲ್ಲಿ ಕೈ ಕಟ್ಟಿಹಾಕದ ರಿಮ್ ಇರಲಿ ಎಂದು ನಾನು ಹುಕ್ ಇರುವುದನ್ನೇ ಹೇಳುತ್ತೇನೆ.

ಸ್ಪೋಕ್‌ಗಳ ಬಗ್ಗೆ ಯಾರೂ ಬರೆದಿಲ್ಲ. ಓಡುವ ಗಾಲಿಯ ನೆಲ ಮುಟ್ಟಿದ ಬಿಂದು ಆ ಕ್ಷಣಕ್ಕೆ ನಿಂತಿರುತ್ತದೆ, ನೆತ್ತಿಯ ಬಿಂದು ಬೈಕಿನ ಎರಡು ಪಟ್ಟು ವೇಗದಲ್ಲಿ ಮುಂದೆ ನುಗ್ಗುತ್ತಿರುತ್ತದೆ. ನೀವು 30ರಲ್ಲಿ ಹೋಗುವಾಗ ಗಾಲಿಯ ಮೇಲಂಚು 60ರಲ್ಲಿ ಗಾಳಿಯನ್ನು ಸೀಳುತ್ತದೆ. ಆಳವಾದ ರಿಮ್ ಆ ವೇಗದ ವಲಯದಲ್ಲಿ ಸ್ಪೋಕ್‌ಗಳನ್ನು ತನ್ನೊಳಗೆ ಮುಚ್ಚಿಕೊಂಡು ಅವುಗಳನ್ನು ಗಿಡ್ಡ ಮಾಡುತ್ತದೆ, ಆಳದ ಲಾಭದಲ್ಲಿ ಇದೂ ಒಂದು ಪಾಲು. ದುಂಡು ಕಡ್ಡಿಯ ಬದಲು 2.2 ಮಿ.ಮೀ. ಅಗಲ, 0.9 ಮಿ.ಮೀ. ದಪ್ಪದ ಚಪ್ಪಟೆ ಕಡ್ಡಿ ಹಾಕಿದರೆ ಮತ್ತಷ್ಟು ಒಳ್ಳೆಯದು. ಆದರೆ ಬೆಂಡ್ ತೆಗೆಯುವಾಗ ಚಪ್ಪಟೆ ಭಾಗವನ್ನು ಸೀಳುಳ್ಳ ಹಿಡಿಕೆಯಿಂದ ಹಿಡಿದುಕೊಂಡೇ ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಪುಟ್ಟ ನಟ್) ತಿರುಗಿಸಬೇಕು. ಹಾಗೆ ಹಿಡಿಯದಿದ್ದರೆ ಕಡ್ಡಿ ತಿರುಚಿಕೊಂಡು ತನ್ನ ಅಗಲದ ಮೈಯನ್ನೇ ಗಾಳಿಗೆ ಒಡ್ಡುತ್ತದೆ. ಅಂಥ ಗಾಲಿಗಳನ್ನು ನಾನು ಎಷ್ಟೋ ಸಲ ಬಿಚ್ಚಿ ಸರಿ ಮಾಡಿದ್ದೇನೆ. ಡಿಸ್ಕ್ ಬ್ರೇಕಿನ ಎಳೆತವನ್ನು ಸ್ಪೋಕ್‌ಗಳೇ ಹೊರಬೇಕಾದ್ದರಿಂದ ಎರಡೂ ಗಾಲಿಗೆ 24 ಇರಲಿ. ನಿಪ್ಪಲ್ ರಿಮ್‌ನ ಒಳಗೆ ಅಡಗಿರುವ ಗಾಲಿಗಳೂ ಇವೆ. ಅವುಗಳ ಬೆಂಡ್ ತೆಗೆಯಬೇಕಾದಾಗಲೆಲ್ಲ ಟೈರ್, ರಿಮ್ ಟೇಪ್ ಎರಡನ್ನೂ ಕಿತ್ತು ಹಾಕಬೇಕು. ಒಂದಿಷ್ಟು ತಡೆ ಉಳಿದರೂ ನಾನು ಅವನ್ನು ಯಾರಿಗೂ ಹೇಳುವುದಿಲ್ಲ.

ದೂರದಾರಿ

ಮೂವರಿಗೂ ಕೃತಜ್ಞತೆಗಳು. ಬರೆದಿದ್ದನ್ನು ಓದಿದ ಮೇಲೆ ಎದ್ದುಹೋಗಿ ನನ್ನ ಟೈರ್ ಅಳೆದೆ: 28 ಎಂದು ಅಚ್ಚಾಗಿದ್ದರೂ ಈಗಿನ ಕಿರಿದಾದ ರಿಮ್‌ನಲ್ಲಿ 27.6 ಇದೆ. ಫೋರ್ಕ್‌ನಲ್ಲಿ ಎರಡೂ ಬದಿಗೆ ಏಳು ಮಿ.ಮೀ., ಹಿಂದೆ ಆರು ಮಿ.ಮೀ. ಉಳಿಯುತ್ತದೆ, ಆದ್ದರಿಂದ 30ರವರೆಗೆ ಹೋಗಬಹುದು ಎನಿಸುತ್ತದೆ.

ಇನ್ನೊಂದು ಸಂದೇಹ ಉಳಿದಿದೆ. ನಾನು ನೋಡಿರುವ 50ರ ಜೋಡಿ, 35ರ ಜೋಡಿಗಿಂತ ಸುಮಾರು 300 ಗ್ರಾಂ ಭಾರ. ಏರು ಹತ್ತುವಾಗ ಗಾಲಿಯ ತೂಕ ಎರಡು ಪಟ್ಟು ಲೆಕ್ಕಕ್ಕೆ ಬರುತ್ತದೆ ಎಂದು ಅನೇಕರು ಹೇಳುವುದನ್ನು ಕೇಳಿದ್ದೇನೆ. ನನ್ನ ವಾರದ ಏರು ಒಂದು ಗಂಟೆಯಷ್ಟು ಉದ್ದ. ಅಲ್ಲಿ ಏರೋ ಲಾಭವನ್ನೆಲ್ಲ ತೂಕವೇ ನುಂಗಿಬಿಡುವುದಿಲ್ಲವೇ?

ಲೆಕ್ಕದ ಹಾಳೆ

ಎರಡು ಪಟ್ಟು ಎಂಬ ಮಾತು ವೇಗ ಏರಿಸುವಾಗ ನಿಜ, ಏರು ಹತ್ತುವಾಗ ನಿಜವಲ್ಲ. ಅಂಚಿನಲ್ಲಿರುವ ತೂಕವನ್ನು ಮುಂದಕ್ಕೂ ಒಯ್ಯಬೇಕು, ಸುತ್ತಲೂ ಬೇಕು, ಹಾಗಾಗಿ ಅದರ ಚಲನ ಶಕ್ತಿ ಎರಡು ಪಟ್ಟಾಗುತ್ತದೆ. ಆದರೆ ಒಂದೇ ವೇಗದಲ್ಲಿ ಏರು ಹತ್ತುವಾಗ ಎಲ್ಲಿಟ್ಟ ತೂಕವಾದರೂ ಅಷ್ಟೇ. ರಿಮ್‌ನ 300 ಗ್ರಾಂ ಬಾಟಲಿಯಲ್ಲಿರುವ 300 ಗ್ರಾಂ ನೀರಿಗೆ ಸಮ. 70 ಕೆ.ಜಿ.ಗೆ 300 ಗ್ರಾಂ ಎಂದರೆ ಶೇಕಡಾ 0.43. ಒಂದು ಗಂಟೆಯ ಏರಿನಲ್ಲಿ ಅದು ಹೆಚ್ಚೆಂದರೆ 15 ಸೆಕೆಂಡ್.

ವೇಗ ಏರಿಸುವಾಗಲೂ ನೋಡೋಣ. ಗಂಟೆಗೆ 20ರಿಂದ 35 ಕಿ.ಮೀ.ಗೆ ಏರಲು 70 ಕೆ.ಜಿ.ಗೆ ಸುಮಾರು 2200 ಜೂಲ್ ಬೇಕು, ಆ 300 ಗ್ರಾಂ ಪೂರ್ತಿ ರಿಮ್‌ನ ಅಂಚಿನಲ್ಲೇ ಇದೆ ಎಂದುಕೊಂಡರೂ ಹೆಚ್ಚುವರಿಯಾಗಿ ಬೇಕಾಗುವುದು 19 ಜೂಲ್, ಶೇಕಡಾ ಒಂದೂ ಇಲ್ಲ. ಹಗುರ ಗಾಲಿ ಹಾಕಿದಾಗ ಬೈಕು ಚುರುಕಾಯಿತು ಎಂದು ಕಾಲಿಗೆ ಅನ್ನಿಸುವುದನ್ನು ನಾನು ಅಲ್ಲಗಳೆಯುವುದಿಲ್ಲ, ನನಗೂ ಹಾಗೆ ಅನ್ನಿಸಿದೆ. ಅನ್ನಿಸಿದಷ್ಟು ಅದು ಗಡಿಯಾರದಲ್ಲಿ ಕಾಣುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಬಿಳಿಗೆರೆ

ನಾನು ರೇಸ್ ಓಡಿಸುವವನಾಗಿ ಸ್ವಲ್ಪ ಬೇರೆ ಅಭಿಪ್ರಾಯ ಹೇಳುತ್ತೇನೆ. ಅಡ್ಡಗಾಳಿ ಅವರ ಎಚ್ಚರಿಕೆ ಸರಿಯೇ, ಆದರೆ ಆಳವಾದ ರಿಮ್‌ಗೆ ಕೈ ಒಗ್ಗುತ್ತದೆ ಎಂಬುದನ್ನೂ ಹೇಳಬೇಕು. ನನ್ನ ತೂಕ 61 ಕೆ.ಜಿ.; ಎರಡೂ ಕಡೆ 50 ಹಾಕಿದ ಮೊದಲ ತಿಂಗಳು ಪ್ರತಿ ಲಾರಿ ಪಕ್ಕದಲ್ಲಿ ಹಾದಾಗಲೂ ಭುಜ ಬಿಗಿಯುತ್ತಿತ್ತು, ಎರಡನೆಯ ತಿಂಗಳ ಹೊತ್ತಿಗೆ ಅದು ಇಲ್ಲವಾಯಿತು. ಹ್ಯಾಂಡಲ್‌ನ ಕೆಳಭಾಗವನ್ನು ಸಡಿಲವಾಗಿ ಹಿಡಿದು, ಎದೆ ತಗ್ಗಿಸಿ, ತೂಕವನ್ನು ಪೆಡಲ್‌ಗಳ ಮೇಲೆ ಬಿಟ್ಟರೆ ಬೈಕು ತಾನೇ ನೇರವಾಗುತ್ತದೆ. ಹೆಚ್ಚು ಸಮತಟ್ಟಾದ ದಾರಿಯಲ್ಲಿ ಓಡಿಸುವವರು 50ಕ್ಕೆ ಹೆದರಬೇಕಾಗಿಲ್ಲ.

60 ದಾಟುವುದನ್ನು ಮಾತ್ರ ನಾನೂ ಒಪ್ಪುವುದಿಲ್ಲ. ಗುಂಪಿನಲ್ಲಿ ಒಟ್ಟಿಗೆ ಹೊರಡುವ ರಸ್ತೆ ರೇಸ್‌ಗಳಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2026ರ ಜನವರಿ 1ರಿಂದ ರಿಮ್‌ನ ಆಳಕ್ಕೆ 65 ಮಿ.ಮೀ. ಮಿತಿ ಹಾಕಿದೆ. ಪಕ್ಕದಲ್ಲಿ ಮತ್ತೊಬ್ಬರು ಒಂದು ಮೊಳ ದೂರದಲ್ಲಿದ್ದಾಗ ಗಾಲಿ ಅಡ್ಡಕ್ಕೆ ಸರಿದರೆ ಏನಾಗುತ್ತದೆ ಎಂಬುದು ಗುಂಪಿನಲ್ಲಿ ಓಡಿಸಿದವರಿಗೆ ಗೊತ್ತು.

ದೇಹದ ಭಂಗಿಯ ಬಗ್ಗೆ ಲೆಕ್ಕದ ಹಾಳೆ ಅವರು ಹೇಳಿದ್ದಕ್ಕೆ ಒಂದು ಹಳೆಯ ನಿದರ್ಶನವನ್ನು ಸೇರಿಸುತ್ತೇನೆ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್ (ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡಿಸುವ ರೇಸ್) ಇತ್ತು. 50 ಸೆಕೆಂಡ್ ಮುಂದಿದ್ದ ಲಾರೆಂಟ್ ಫಿಗ್ನನ್ ಅವರ ಬೈಕಿನಲ್ಲಿ ಎರಡೂ ಗಾಲಿಗಳು ಪೂರ್ತಿ ಮುಚ್ಚಿದ ತಟ್ಟೆ ಗಾಲಿಗಳು. ಗ್ರೆಗ್ ಲೆಮಾಂಡ್ ತಟ್ಟೆ ಗಾಲಿಯನ್ನು ಹಿಂದೆ ಮಾತ್ರ ಹಾಕಿ, ಮೊಣಕೈಗಳನ್ನು ಒತ್ತಟ್ಟಿಗೆ ತರುವ ಏರೋ ಬಾರ್ ಹಿಡಿದು ಓಡಿಸಿದರು. ಆ ದಿನ 58 ಸೆಕೆಂಡ್ ಗಳಿಸಿ ಇಡೀ ಟೂರ್ ಅನ್ನು 8 ಸೆಕೆಂಡ್‌ನಿಂದ ಗೆದ್ದರು. ಕಾರಣಗಳು ಹಲವಿರಬಹುದು, ಆದರೆ ಗಾಲಿಯ ವಿಷಯದಲ್ಲಿ ಮುಂದಿದ್ದವರು ಕೈಗಳ ವಿಷಯದಲ್ಲಿ ಹಿಂದಿದ್ದರು.

ಅಡ್ಡಗಾಳಿ

ಬಿಳಿಗೆರೆ ಅವರ ಮಾತನ್ನು ಒಪ್ಪುತ್ತೇನೆ, ಕೈ ಒಗ್ಗುತ್ತದೆ. ವಾರಕ್ಕೆ ಐದು ದಿನ ಅದೇ ಗಾಲಿಯಲ್ಲಿ ಓಡಿಸುವವರಿಗೆ ಬೇಗ ಒಗ್ಗುತ್ತದೆ. ವಾರಕ್ಕೊಮ್ಮೆ ಇಳಿಜಾರು ನೋಡುವವರಿಗೆ ಆ ಅಭ್ಯಾಸ ನಿಲ್ಲುವುದು ಕಷ್ಟ ಎಂಬ ಕಾರಣಕ್ಕೆ ನನ್ನ ಸಲಹೆಯನ್ನು ಬದಲಿಸುವುದಿಲ್ಲ. ಸಾಧ್ಯವಾದರೆ ಯಾರಾದರೂ ಪರಿಚಿತರ 50ರ ಮುಂದಿನ ಗಾಲಿಯನ್ನು ಎರವಲು ಪಡೆದು, ಗಾಳಿ ಇರುವ ದಿನವೇ ಆ ಬಯಲಿನಲ್ಲಿ ಒಮ್ಮೆ ಓಡಿಸಿ ನೋಡಿ. ಹ್ಯಾಂಡಲ್‌ನ ಕೆಳಭಾಗ ಹಿಡಿದುಕೊಂಡೇ ಬಯಲು ದಾಟಲು ಸಾಧ್ಯವಾದರೆ ನಿಮಗೆ 50 ಒಗ್ಗುತ್ತದೆ. ಕೈ ತಾನಾಗಿ ಮೇಲಕ್ಕೆ ಹೋದರೆ ಒಗ್ಗಲಿಲ್ಲ ಎಂದು ತಿಳಿಯಿರಿ.

ದೂರದಾರಿ

ನಿನ್ನೆ ಸ್ನೇಹಿತರೊಬ್ಬರ 50ರ ಮುಂದಿನ ಗಾಲಿ ಹಾಕಿಕೊಂಡು ಹೋಗಿದ್ದೆ. ಮರಗಳ ಸಾಲು ಇರುವಷ್ಟು ದೂರ ಬಹಳ ಚೆನ್ನಾಗಿತ್ತು. ಮರಗಳು ಮುಗಿದ ಜಾಗದಿಂದ ಬಯಲಿನ ಮಧ್ಯದ ತಿರುವಿನವರೆಗೆ ನಾಲ್ಕು ಬಾರಿ ಕೈ ಮೇಲಕ್ಕೆ ಹೋಯಿತು. ಒಂದೊಂದು ಬಾರಿಯೂ ನಾನೇ ಗಮನಿಸಿ ಕೆಳಗೆ ತಂದೆ. ಹಾಗಾಗಿ ಮುಂದೆ 38, ಹಿಂದೆ 50, ಹೊರ ಅಗಲ 31, ಒಳ ಅಗಲ 23, ಹುಕ್ ಇರುವ ಯು ಆಕಾರದ ರಿಮ್, ಚಪ್ಪಟೆ ಸ್ಪೋಕ್ 24 ಎಂದು ನಿಶ್ಚಯಿಸಿದ್ದೇನೆ. ಟೈರ್ ಮುಂದೆ 28, ಹಿಂದೆ 30. ಮುಂದಿನ ಟೈರ್ 30ಕ್ಕೆ ಉಬ್ಬಿದರೆ 105ರ ನಿಯಮಕ್ಕೆ ಅರ್ಧ ಮಿಲಿಮೀಟರ್ ಕಡಿಮೆ ಬೀಳುತ್ತದೆ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆರ್ಡರ್ ಮಾಡುವ ಮುನ್ನ ಬೇರೆ ಏನಾದರೂ ನೋಡಿಕೊಳ್ಳಬೇಕೇ?

ಗಾಲಿ ಕಟ್ಟುವವ

ಒಳ್ಳೆಯ ಆಯ್ಕೆ. ಮುಂದಿನ ಆಕ್ಸಲ್ 12 ಗುಣಿಸು 100, ಹಿಂದಿನದು 12 ಗುಣಿಸು 142 ಮಿ.ಮೀ. (ಅಚ್ಚಿನ ದಪ್ಪ, ಹಬ್‌ನ ಅಗಲ) ಇದೆಯೇ, ಡಿಸ್ಕ್ ರೋಟರ್ ನಡುವೆ ಒಂದೇ ಉಂಗುರದಿಂದ ಬಿಗಿಯುವ ಸೆಂಟರ್ ಲಾಕ್‌ನದೋ ಆರು ಬೋಲ್ಟ್‌ನದೋ, ನಿಮ್ಮ ಕ್ಯಾಸೆಟ್‌ಗೆ (ಹಿಂದಿನ ಹಲ್ಲುಚಕ್ರಗಳ ಗೊಂಚಲಿಗೆ) ಬೇಕಾದ ಫ್ರೀಹಬ್, ಅಂದರೆ ಅದು ಕೂರುವ ಹಬ್‌ನ ಭಾಗ, ಯಾವುದು, ಈ ಮೂರನ್ನು ಈಗಿನ ಗಾಲಿ ಬಿಚ್ಚಿ ನೋಡಿಯೇ ಬರೆದುಕೊಡಿ. ನೆನಪಿನಿಂದ ಹೇಳಿದವರ ಗಾಲಿಗಳು ನನ್ನಲ್ಲಿಗೆ ವಾಪಸ್ ಬಂದಿವೆ. ಪ್ರತಿಯೊಂದು ಉದ್ದದ ಸ್ಪೋಕ್‌ಗೂ ತಲಾ ಎರಡು ಹೆಚ್ಚುವರಿ ಕಡ್ಡಿ ಕೇಳಿ ಇಟ್ಟುಕೊಳ್ಳಿ. ಬಲಗಡೆಯ, ಎಡಗಡೆಯ ಕಡ್ಡಿಗಳ ಉದ್ದ ಬೇರೆ ಇರುತ್ತದೆ, ಮುಂದಿನ ರಿಮ್‌ನ ಆಳ ಬೇರೆಯಾದ್ದರಿಂದ ಅಲ್ಲಿಯ ಉದ್ದವೂ ಬೇರೆ.

ಮೊದಲ 200 ಕಿ.ಮೀ. ಆದ ಮೇಲೆ ಗಾಲಿಗಳನ್ನು ಬಿಚ್ಚಿ ತಿರುಗಿಸಿ, ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಂಡಿ ನೋಡಿ. ಒಂದು ಮಿಕ್ಕವುಗಳಿಗಿಂತ ಮೆತ್ತಗೆ ಸಿಕ್ಕಿದರೆ ಕಟ್ಟಿದವರ ಬಳಿ ತೋರಿಸಿ. ವಾಲ್ವ್ ಉದ್ದ ರಿಮ್‌ನ ಆಳಕ್ಕಿಂತ ಕನಿಷ್ಠ 20 ಮಿ.ಮೀ. ಹೆಚ್ಚಿರಲಿ: ಮುಂದೆ 60 ಸಾಕು, ಹಿಂದೆ 80ರದ್ದು ಬೇಕು, ಜೇಬಿನಲ್ಲಿ ಒಯ್ಯುವ ಒಂದು ಹೆಚ್ಚುವರಿ ಟ್ಯೂಬ್ ಕೂಡ 80ರದ್ದೇ ಇರಲಿ, ಅದು ಎರಡೂ ಗಾಲಿಗೆ ಆಗುತ್ತದೆ.